ಟವೆಲ್ಲು, ಪಾಯಜಾಮ, ಲಂಗ

ಮೊನ್ನೆ ಸಂಜೆ ಕೆಳಗಿನ ಮನೆಯ ಸೊಸೆ ನಮ್ಮಲ್ಲಿಗೆ ಬಂದಿದ್ದಳು. ಮಗನ ಹುಟ್ಟುಹಬ್ಬಕ್ಕೆ ಮಕ್ಕಳಿಗೆಲ್ಲ ನಿಧಿ ಹುಡುಕುವ ಆಟ ಆಡಿಸಬೇಕಂತೆ, ಅದಕ್ಕೆ ಸುಳಿವಿನ ಚೀಟಿಗಳನ್ನು ಬರೆದುಕೊಡಬೇಕಂತೆ. ನಾನು ಬಾಗಿಲ ಎದುರಿನ ಕುರ್ಚಿಯಲ್ಲೇ ಪೇಪರು ಹಿಡಿದು ಕೂತಿದ್ದೆ. ಆಕೆ ನನಗೊಂದು ನಮಸ್ಕಾರ ಹಾಕಿ, ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿದಳು.

ಪೇಪರಿನ ಒಂದೇ ಸಾಲನ್ನು ನಾನು ನಾಲ್ಕು ಸಲ ಓದಿದೆ. ಏನೆಂದು ಓದಿದೆನೋ ದೇವರಿಗೇ ಗೊತ್ತು. ಹಲ್ಲು ಹೋದವು, ಮಂಡಿ ಸವೆಯಿತು, ಆದರೆ ಹೊಟ್ಟೆಕಿಚ್ಚು ಮಾತ್ರ ಇನ್ನೂ ಮೂವತ್ತೈದರ ಹರೆಯದಲ್ಲೇ ಇದೆ ಎಂದು ಆಗ ತಿಳಿಯಿತು. ನಿಮಗೆ ಹೇಳಲು ಸಂಕೋಚವೇನಿಲ್ಲ. ನಾನು ಹೆಂಡತಿಯ ಮೇಲೇ ಹೊಟ್ಟೆಕಿಚ್ಚುಪಟ್ಟವನು. ಅದೂ ಇಂಥ ಚೀಟಿಗಳ ವಿಷಯದಲ್ಲೇ.

ಇದಕ್ಕೆ ಬೀಜ ಬಿದ್ದದ್ದು ಗುಲಬರ್ಗಾದಲ್ಲಿ, ನನ್ನ ಚಿಕ್ಕಂದಿನಲ್ಲಿ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಅಪ್ಪನೂ ಅಷ್ಟೇ. ನಾನು ಶಾಲೆಗೆ ಹೋಗುವ ಹೊತ್ತಿಗೆ ಎಲ್ಲವೂ ಕನ್ನಡವಾಗಿತ್ತು. ಹಾಗಾಗಿ ನನ್ನಿಂದ ಏನಾದರೂ ಮುಚ್ಚಿಡಬೇಕಾದರೆ ಅಪ್ಪ, ಅಣ್ಣ ಇಬ್ಬರೂ ಉರ್ದುವಿನಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದರು. ಬಲದಿಂದ ಎಡಕ್ಕೆ ಇರುವೆ ಸಾಲಿನಂತೆ ಹರಿದ ಆ ಅಕ್ಷರಗಳನ್ನು ನಾನು ಕನ್ನಡಿಗೆ ಹಿಡಿದು ನೋಡಿದೆ, ತಲೆಕೆಳಗು ಮಾಡಿ ನೋಡಿದೆ. ಅಣ್ಣ ಚೀಟಿ ಓದಿ ನಕ್ಕರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಅತ್ತು ಕೇಳಿದಾಗ ಅಪ್ಪ ಓದಿ ಹೇಳಿದರು: ‘ಬರುವಾಗ ಎರಡು ಸೇರು ಬದನೀಕಾಯಿ ತಾ.’ ನಾನು ನಂಬಲಿಲ್ಲ. ಇಷ್ಟು ಚೆಂದದ ಅಕ್ಷರಗಳು ಬದನೆಕಾಯಿಗಾಗಿ ಇರಲು ಸಾಧ್ಯವೇ ಇಲ್ಲ ಎನ್ನಿಸಿತು. ನಾನೂ ಒಂದು ದಿನ ಯಾರಿಗೂ ತಿಳಿಯದ್ದನ್ನು ಬರೆಯಬೇಕು, ಎಲ್ಲರೂ ನನ್ನ ಹತ್ತಿರ ಬಂದು ‘ಏನು ಬರೆದೀಯಪ್ಪಾ’ ಎಂದು ಕೇಳಬೇಕು ಎಂದುಕೊಂಡೆ.

ಮುಂದೆ ಹೈದರಾಬಾದಿನ ತಂತಿ ಕಚೇರಿಯಲ್ಲಿ ನೌಕರಿ ಸಿಕ್ಕಿತು. ದಿನವಿಡೀ ಕಟ್ಟು ಕಡ, ಕಟ್ಟು ಕಡ. ಲೋಕದ ಸಾವು, ಹುಟ್ಟು, ಮದುವೆ ಎಲ್ಲವೂ ಚುಕ್ಕೆ ಗೆರೆಗಳಾಗಿ ನನ್ನ ಕಿವಿಯೊಳಗೆ ಇಳಿಯುತ್ತಿದ್ದವು. ಸಂಕೇತವೆಂದರೆ ನನ್ನ ಮನೆಯ ಹಿತ್ತಲು ಎಂಬ ಭಾವ ಬಂದುಬಿಟ್ಟಿತು.

ನಾವಿದ್ದದ್ದು ಮೆಹದಿಪಟ್ಟಣಂ ಹತ್ತಿರದ ಒಂದು ಕಾಲೋನಿಯಲ್ಲಿ. ಸುತ್ತಮುತ್ತ ನಮ್ಮ ಕಡೆಯ ಮೂವತ್ತು ಮನೆಗಳಿದ್ದವು. ಗುಲಬರ್ಗಾ, ರಾಯಚೂರು, ಬಾಗಲಕೋಟೆ ಕಡೆಯವರು, ಸರಕಾರಿ ನೌಕರರೇ ಹೆಚ್ಚು. ಸಂಕ್ರಾಂತಿಯ ನಂತರದ ಭಾನುವಾರ ಎಲ್ಲರೂ ಸೇರುತ್ತಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟಕ್ಕೆ ಮೊದಲು ನಿಧಿ ಹುಡುಕುವ ಆಟ. ಇದನ್ನೆಲ್ಲ ನಡೆಸುತ್ತಿದ್ದವರು ನಿವೃತ್ತ ಶಿಕ್ಷಕರಾದ ಪಾಟೀಲ ಮಾಸ್ತರು. ಚೀಟಿಗಳನ್ನು ಬರೆಯುವ ಅಧಿಕಾರ ಮಾತ್ರ ನನ್ನದು. ನಿಧಿಯೆಂದರೆ ಸ್ಟೀಲಿನ ಡಬ್ಬಿಯ ತುಂಬ ಬೇಸನ್ ಉಂಡಿ. ಅದನ್ನು ಮಾಡುತ್ತಿದ್ದವಳು ನನ್ನ ಹೆಂಡತಿ ಸುಮಿತ್ರಾ. ಎಂಟು ವರ್ಷ ಹೀಗೇ ನಡೆಯಿತು. ನಾನು ಹಾದಿ ಮಾಡುತ್ತಿದ್ದೆ, ಅವಳು ಹಾದಿಯ ಕೊನೆಯ ಉಂಡಿ ಮಾಡುತ್ತಿದ್ದಳು. ಈ ಏರ್ಪಾಡು ನನಗೆ ಬಹಳ ಸರಿಯಾಗಿ ಕಂಡಿತ್ತು.

ನನ್ನ ಚೀಟಿಗಳು ಹೇಗಿರುತ್ತಿದ್ದವೆಂದರೆ, ಒಂದರಲ್ಲಿ ಬರೀ ‘೨೦, ೩೪’ ಎಂದು ಬರೆದಿದ್ದೆ. ಕಕಾರದಿಂದ ಎಣಿಸಿದರೆ ಇಪ್ಪತ್ತನೆಯದು ನ, ಮೂವತ್ತನಾಲ್ಕನೆಯದು ಳ. ನಳ. ಅಂದರೆ ಬೀದಿಯ ನೀರಿನ ನಳದ ಹತ್ತಿರ ಹೋಗಬೇಕು. ಎಷ್ಟು ಸರಳ! ಆದರೆ ಜನ ಇಪ್ಪತ್ತನೇ ನಂಬರಿನ ಮನೆಗೆ ಹೋದರು, ಅಲ್ಲಿಂದ ಮೂವತ್ತನಾಲ್ಕನೇ ನಂಬರಿಗೆ ಹೋದರು. ಅಲ್ಲಿಯವರು ಕೂರಿಸಿ ಚಹಾ ಕೊಟ್ಟು ಕಳಿಸಿದರು. ಕಡೆಗೆ ನಾನು ನಿಂತಲ್ಲಿಗೇ ಬಂದು, ‘ಸೋತೇವ್ರಿ, ನೀವೇ ಹೇಳ್ರಿ’ ಎಂದು ಕೈಮುಗಿದರು. ಆ ಕೈಮುಗಿಯುವುದಿದೆಯಲ್ಲ, ಅದಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ನನ್ನ ಒಂದು ಚೀಟಿಯನ್ನೂ ನನ್ನ ಸಹಾಯವಿಲ್ಲದೆ ಯಾರೂ ಬಿಡಿಸಿರಲಿಲ್ಲ. ಅದು ಆಟದ ದೋಷ ಎಂದು ನನಗೆ ಎಂದೂ ಹೊಳೆಯಲಿಲ್ಲ.

ಒಂಬತ್ತನೆಯ ವರ್ಷ ಸಂಕ್ರಾಂತಿಗೆ ಸರಿಯಾಗಿ ನನಗೆ ಕಾಮಾಲೆ ಹಿಡಿಯಿತು. ಮುಂದಿನ ಕೋಣೆಯ ಮಂಚದ ಮೇಲೆ ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಪಾಟೀಲ ಮಾಸ್ತರು ನೋಡಲು ಬಂದರು.

“ಈ ವರ್ಷ ಆಟ ಬ್ಯಾಡ ಬಿಡ್ರಿ” ಎಂದರು.

“ಬ್ಯಾಡ್ರಿ” ಎಂದೆ ನಾನು, ತೃಪ್ತಿಯಿಂದ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಿತ್ರಾ, “ಹುಡುಗ್ರು ಆಸೆ ಮಾಡತಾವ್ರಿ ಮಾಸ್ತರ. ನಾ ನಾಕು ಚೀಟಿ ಬರದು ಕೊಡ್ಲ್ಯಾ?” ಎಂದಳು.

ನಾನು ನಕ್ಕೆ. ಕಾಮಾಲೆಯಲ್ಲಿ ನಕ್ಕರೆ ಪಕ್ಕೆ ನೋಯುತ್ತದೆ.

ಆ ಭಾನುವಾರ ಬೆಳಿಗ್ಗೆ ಕಿಟಕಿಯಿಂದ ಮಕ್ಕಳ, ಹೆಂಗಸರ, ಗಂಡಸರ ಕೂಗಾಟ ಕೇಳಿಬಂತು. ನಗು ಕೇಳಿಬಂತು. ನನ್ನ ಆಟದಲ್ಲಿ ಯಾರೂ ಇಷ್ಟು ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೆಲ್ಲ ನಮ್ಮ ಅಂಗಳಕ್ಕೇ ಬಂದರು. ಬಟ್ಟೆ ಒಣಗಿಸುವ ಹಗ್ಗದ ಮುಂದೆ ನಿಂತು ಒಬ್ಬರು ಇನ್ನೊಬ್ಬರನ್ನು ತಳ್ಳುತ್ತ ಕೂಗಿದರು: “ಟವೆಲ್ಲು! ಪಾಯಜಾಮ! ಲಂಗ! ಟ, ಪಾ, ಲ. ಟಪಾಲ! ಟಪಾಲ ಡಬ್ಬಿ ಕಡೆ ಓಡ್ರಿ!”

ಬಟ್ಟೆಗಳ ಮೊದಲಿನ ಅಕ್ಷರ ಕೂಡಿಸಬೇಕಿತ್ತು. ಟವೆಲ್ಲು ನನ್ನದು. ಪಾಯಜಾಮವೂ ನನ್ನದೇ, ಮಂಡಿಯ ಹತ್ತಿರ ತೇಪೆ ಹಾಕಿದ್ದು. ಲಂಗ ಮಗಳದು. ನನ್ನದೇ ಪಾಯಜಾಮ ಇನ್ನೊಬ್ಬರ ಸಂಕೇತವಾಗಿ ಇಡೀ ಕಾಲೋನಿಯ ಮುಂದೆ ನೇತಾಡುತ್ತಿರುವಾಗ ಮಲಗಿರುವುದು ಹೇಗಿರುತ್ತದೆಂದು ನಿಮಗೆ ತಿಳಿಯಲಾರದು. ಜೊತೆಗೆ ಅದು ತಪ್ಪು ಬೇರೆ. ‘ಲಂಗ’ದಲ್ಲಿ ಸೊನ್ನೆಯಿದೆ, ‘ಟಪಾಲ’ದಲ್ಲಿ ಇಲ್ಲ. ನಾನು ಕಿಟಕಿಯಿಂದ, “ಸೊನ್ನೆ! ಸೊನ್ನೆ ಹೆಚ್ಚಾತು!” ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ.

ಅರ್ಧ ಗಂಟೆಯ ಮೇಲೆ ಬೀದಿಯೆಲ್ಲ ನಿಶ್ಶಬ್ದವಾಯಿತು. ಮುಂದಿನ ಚೀಟಿಯಲ್ಲಿ ಬರೆದಿದ್ದಳಂತೆ: ‘ಹನ್ನೊಂದು ಗಂಟೆಗೆ ಕಿವಿ ತೆರೀರಿ. ಮೂರು ಕೂಗಿದ ಮನಿ ಬಿಡ್ರಿ, ನಾಕು ಕೂಗಿದ ಮನಿ ಹಿಡೀರಿ.’ ಹನ್ನೊಂದಕ್ಕೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ನಮ್ಮ ಮನೆಯ ಕುಕ್ಕರು ನಾಲ್ಕನೆಯ ಸಲ ಕೂಗಿದ್ದೇ ತಡ, ಇಪ್ಪತ್ತು ಜನ ನನ್ನ ಮಂಚವನ್ನು ದಾಟಿಕೊಂಡು ಅಡುಗೆಮನೆಗೆ ನುಗ್ಗಿದರು. ಡಬ್ಬಿ ಸಿಕ್ಕಿತು. ಕೇಕೆ ಹಾಕಿದರು. ಮತ್ತೆ ನನ್ನ ಮಂಚವನ್ನು ದಾಟಿಕೊಂಡು ಹೊರಗೆ ಹೋದರು. ಹೋಗುವಾಗ ಪಾಟೀಲ ಮಾಸ್ತರು ನನ್ನ ಕಾಲು ತಟ್ಟಿ, “ಇಷ್ಟು ವರ್ಷ ನಮ್ಮ ಸುಮಿತ್ರಾ ತಂಗೀನ ಬಚ್ಚಿಟ್ಟಿದ್ರಿ ನೋಡ್ರಿ ನೀವು” ಎಂದರು.

ಜೀವಮಾನವೆಲ್ಲ ಶಬ್ದವನ್ನು ಅಕ್ಷರ ಮಾಡಿದವನು ನಾನು. ಕುಕ್ಕರಿನ ಸೀಟಿಯೂ ಸಂಕೇತವಾಗಬಹುದೆಂದು ನನಗೆ ಹೊಳೆದಿರಲಿಲ್ಲ. ಒಬ್ಬರೂ ಸೋತು ಅವಳ ಮುಂದೆ ಕೈಮುಗಿಯಲಿಲ್ಲ. ಆದರೂ ಸಂಜೆ ಎಲ್ಲರ ಬಾಯಲ್ಲೂ ಅವಳದೇ ಮಾತು. ಕಾಮಾಲೆ ಮೂರು ವಾರದಲ್ಲಿ ಇಳಿಯಿತು. ಇದು ಇಳಿಯಲಿಲ್ಲ.

ಮರುವರ್ಷ ಡಿಸೆಂಬರಿನಲ್ಲೇ ಮಾಸ್ತರು ಬಂದು ಅವಳನ್ನೇ ಕೇಳಿದರು. ಅವಳು ನನ್ನತ್ತ ನೋಡಿದಳು. “ನಂದೇನೈತಿ, ಬರಿಯವಾ” ಎಂದೆ, ಬಹಳ ಉದಾರವಾಗಿ. ಆಮೇಲೆ ಒಂದು ತಿಂಗಳು ಅವಳು ಏನೋ ಬರೆಯುವುದು, ನಾನು ಬಂದರೆ ಸೆರಗಿನಲ್ಲಿ ಮುಚ್ಚುವುದು. ಕೇಳಿದರೆ, “ಈ ಸಲ ನೀವೂ ಆಡವ್ರು ಅದೀರಿ. ಆಡವ್ರಿಗೆ ತೋರಸಂಗಿಲ್ಲ” ಎನ್ನುತ್ತಿದ್ದಳು. ಪಕ್ಕದ ಮನೆಯ ಅನಸೂಯಮ್ಮನಿಗೆ ಮಾತ್ರ ಎಲ್ಲವನ್ನೂ ಹೇಳುತ್ತಿದ್ದಳು. ಅನಸೂಯಮ್ಮ ತೆಲುಗಿನವರು, ಆಟದಲ್ಲಿ ಸೇರಿದವರಲ್ಲ. ಮಧ್ಯಾಹ್ನವಾದರೆ ಇಬ್ಬರೂ ಹಿತ್ತಲ ಗೋಡೆಯ ಆಚೆ ಈಚೆ ನಿಂತು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದರು. ನನ್ನ ತೆಲುಗು ಬಸ್ಸು ಹತ್ತಿ ಇಳಿಯುವಷ್ಟು ಮಾತ್ರ. ನಾನು ಬಂದ ಕೂಡಲೇ ಅವರ ಮಾತು ನಿಲ್ಲುತ್ತಿತ್ತು.

ನಾನು ಚೀಟಿಗಳನ್ನು ಅಕ್ಕಿ ಡಬ್ಬಿಯಲ್ಲಿ ಹುಡುಕಿ ತೆಗೆದೆ. ಹೌದು, ಕದ್ದು ಓದಿದೆ. ಮೂರನೆಯದು ಹೀಗಿತ್ತು: ‘ಹದಿನಾಲ್ಕು ಮನಿ ಮುಂದ ಒಂದೇ ಹೂವು. ಎಲ್ಲಾ ಹೂವಿಗೂ ಎಂಟು ಎಸಳು, ಒಂದು ಹೂವಿಗೆ ಏಳು. ಆ ಮನ್ಯಾಗ ಪರದೆ ಹಿಂದ, ಗಡಿಗಿ ಹಿಂದ, ಎಲ್ಲಾ ಕಡೆ ಹುಡುಕ್ರಿ. ಮನಿಯವ್ರು ಇಲ್ಲ ಅಂತಾರ, ಕೇಳಬ್ಯಾಡ್ರಿ.’

ರಂಗೋಲಿ! ಬೀದಿಯ ಹೆಂಗಸರನ್ನೆಲ್ಲ, ತೆಲುಗಿನವರನ್ನೂ ಸೇರಿಸಿ, ಒಪ್ಪಿಸಿ ಆ ದಿನ ಎಲ್ಲರ ಬಾಗಿಲಿಗೂ ಒಂದೇ ಹೂವು ಹಾಕಿಸುವ ಏರ್ಪಾಡು ಮಾಡಿದ್ದಳು. ಮೂಲೆಮನೆಯಲ್ಲಿ ಮಾತ್ರ ಒಂದು ಎಸಳು ಕಡಿಮೆ. ಓದಿದಾಗ ಮೊದಲು ಅನ್ನಿಸಿದ್ದು, ಎಷ್ಟು ಚೆಂದ. ಮರುಕ್ಷಣವೇ ಅನ್ನಿಸಿದ್ದು, ಇದು ನನಗೇಕೆ ಹೊಳೆಯಲಿಲ್ಲ. ಮೊದಲಿನದನ್ನು ಅವಳಿಗೆ ಹೇಳಿಬಿಟ್ಟಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಟೆ. ಬೀದಿಯುದ್ದಕ್ಕೂ ಹದಿನಾಲ್ಕು ಬಿಳಿ ಹೂವುಗಳು ಅರಳಿ ಕೂತಿದ್ದವು. ಬರುವಾಗ ಅನಸೂಯಮ್ಮನ ಬಾಗಿಲ ಮುಂದೆ ಚಪ್ಪಲಿ ಬಿಟ್ಟೆ. ಅತ್ತ ಇತ್ತ ನೋಡಿ ಬಲಗಾಲಿನ ಹೆಬ್ಬೆರಳಿನಿಂದ ಒಂದು ಎಸಳನ್ನು ಒರೆಸಿದೆ. ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಏಳೆಸಳಿನ ಹೂವು ಎರಡಾದವು. ಜನ ಗೊಂದಲಕ್ಕೆ ಬೀಳುತ್ತಾರೆ, ಆಟ ಕೆಡುತ್ತದೆ, ‘ನಿಮ್ಮ ಕಾಲದಾಗ ಹಿಂಗ ಆಗತಿರಲಿಲ್ಲ ಬಿಡ್ರಿ’ ಎನ್ನುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಧನುರ್ಮಾಸ ಮುಗಿದಿತ್ತಲ್ಲ, ಅನಸೂಯಮ್ಮನ ಮಗಳು ಪದ್ಮಳನ್ನು ನೋಡಲು ಆ ದಿನವೇ ಗಂಡಿನವರು ಬರುವವರಿದ್ದರು. ಅದಕ್ಕೇ ಸುಮಿತ್ರಾ ಆ ಬಾಗಿಲಿಗೂ ಎಂಟೆಸಳಿನ ಹೂವನ್ನೇ ಹಾಕಿಸಿ, ಆಟದವರು ಯಾರೂ ಆ ಮನೆಗೆ ಹೋಗದಂತೆ ಮಾಡಿದ್ದಳು.

ಹತ್ತೂವರೆಗೆ ನಮ್ಮ ತಂಡ ಎಸಳು ಎಣಿಸುತ್ತ ಬೀದಿಗೆ ಇಳಿಯಿತು. ಮುಂದೆ ಪಾಟೀಲ ಮಾಸ್ತರು, ಹಿಂದೆ ನಾವು ಹನ್ನೆರಡು ಜನ. ಅನಸೂಯಮ್ಮನ ಬಾಗಿಲಲ್ಲಿ ಅಂಬಾಸಿಡರ್ ಕಾರೊಂದು ನಿಂತಿತ್ತು, ಹೊಸಿಲ ಹೊರಗೆ ಹೊಳೆಯುವ ಚಪ್ಪಲಿಗಳು. “ಇಲ್ಲೇ ಐತಿ, ಏಳು!” ಎಂದು ಮಾಸ್ತರು ಕೂಗಿದರು. ನಾನು ಬಾಯಿ ತೆರೆದೆ. ಇದಲ್ಲ ಎಂದರೆ, ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಹನ್ನೆರಡು ಜನ ಒಳಗೆ ನುಗ್ಗಿದರು. ಗಂಡಿನ ತಾಯಿ, ತಂದೆ, ಗಂಡು ಎಲ್ಲರೂ ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು ಹಾಗೇ ಕೂತರು. ಅನಸೂಯಮ್ಮ ಎರಡೂ ಕೈ ಅಡ್ಡ ಹಿಡಿದು, “ಇಕ್ಕಡ ಏಮೀ ಲೇದಂಡಿ! ಯಹಾಂ ಕುಛ್ ನಹೀ ಹೈ!” ಎಂದು ಅಂಗಲಾಚಿದರು.

“ಇಲ್ಲ ಅಂತಾರಂತ ಚೀಟ್ಯಾಗ ಬರದೈತಿ! ಕೇಳಬ್ಯಾಡ್ರಿ, ಹುಡುಕ್ರಿ!” ಎಂದರು ಮಾಸ್ತರು.

ಯಾರೋ ಗಡಿಗೆ ಉರುಳಿಸಿದರು. ಮಾಸ್ತರು ಹೋಗಿ ಪರದೆ ಸರಿಸಿದರು. ಪರದೆಯ ಹಿಂದೆ ರೇಷ್ಮೆ ಸೀರೆಯುಟ್ಟು, ಕಾಫಿಯ ತಟ್ಟೆ ಹಿಡಿದು, ಕರೆಯುವುದನ್ನೇ ಕಾಯುತ್ತ ಪದ್ಮ ನಿಂತಿದ್ದಳು. ತಟ್ಟೆ ಕೈಜಾರಿತು. ಗಂಡಿನ ತಾಯಿ ಮೆಲ್ಲಗೆ ಎದ್ದು ಸೆರಗು ಹೊದ್ದುಕೊಂಡರು.

ಸುಮಿತ್ರಾ ಓಡಿಬಂದಳು. ಬಾಗಿಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಬೆರಳಿಟ್ಟು ಎಸಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. “ಎಂಟು ಇದ್ವು. ನಾನ ನೋಡೀನಿ, ಎಂಟು ಇದ್ವು” ಎಂದು ಹೇಳುತ್ತಲೇ ಇದ್ದಳು. ಕಾರು ಹೊರಟುಹೋಯಿತು. ಅನಸೂಯಮ್ಮ ಬಾಗಿಲು ಹಾಕಿಕೊಂಡರು.

ಸಂಜೆ ಮಾಸ್ತರು ನನ್ನ ಬಳಿ ಬಂದು, “ಮುಂದಿನ ವರ್ಷ ನೀವೇ ಬರೀರಿ. ನಿಮ್ಮ ಚೀಟಿ ಯಾರಿಗೂ ತಿಳಿಯಂಗಿಲ್ಲ, ಅದಾ ಛಲೋ” ಎಂದರು. ಬೇಕಾದದ್ದು ಸಿಕ್ಕಿತ್ತು.

ಸುಮಿತ್ರಾ ಮೂರು ಸಲ ಪಕ್ಕದ ಮನೆಯ ಬಾಗಿಲು ಬಡಿದಳು. ಮೂರು ಸಲವೂ ಪದ್ಮ ಬಂದು, ಅಮ್ಮ ಮಲಗಿದ್ದಾರೆ ಎಂದು ಹೇಳಿದಳು. ಗಂಡಿನವರು ಮತ್ತೆ ಬರಲಿಲ್ಲ ಎಂಬ ಸುದ್ದಿ ಬಂತು. ಹಿತ್ತಲ ಗೋಡೆಯ ಹತ್ತಿರ ಮಾತು ನಿಂತಿತು. ಮಧ್ಯಾಹ್ನ ನಮ್ಮ ಮನೆ ಎಷ್ಟು ಮೌನವಾಗಿರುತ್ತದೆ ಎನ್ನುವುದು ನನಗೆ ರಜೆಯ ದಿನಗಳಲ್ಲಿ ತಿಳಿಯತೊಡಗಿತು. “ನಾಯಿ ತುಳಿದಿರಬೇಕ್ರಿ” ಎನ್ನುತ್ತಿದ್ದಳು ಸುಮಿತ್ರಾ, ಆಗಾಗ, ತನ್ನಷ್ಟಕ್ಕೇ. “ನಾ ಮತ್ತೊಮ್ಮೆ ಹೋಗಿ ನೋಡಬೇಕಿತ್ತು.” ನನ್ನ ಮೇಲೆ ಅವಳಿಗೆ ಕನಸಿನಲ್ಲೂ ಅನುಮಾನ ಬಂದಿರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಯುಗಾದಿ ಬಂತು. ಪ್ರತಿ ಯುಗಾದಿಗೂ ಅನಸೂಯಮ್ಮ ಗೋಡೆಯ ಮೇಲಿಂದ ಒಂದು ಬಟ್ಟಲು ಬೇವು ಬೆಲ್ಲದ ಪಚ್ಚಡಿ ಕೊಡುತ್ತಿದ್ದರು, ಇವಳು ಹೋಳಿಗೆ ಕೊಡುತ್ತಿದ್ದಳು. ಆ ದಿನ ಸುಮಿತ್ರಾ ಹೋಳಿಗೆಯ ತಟ್ಟೆ ಹಿಡಿದು ಹಿತ್ತಲಲ್ಲಿ ಬಹಳ ಹೊತ್ತು ನಿಂತಳು. ಗೋಡೆಯ ಆಚೆ ಬಳೆಯ ಸದ್ದು ಕೇಳುತ್ತಿತ್ತು. ಯಾರೂ ಬರಲಿಲ್ಲ. ಅವಳು ತಟ್ಟೆಯನ್ನು ತಂದು ಕಟ್ಟೆಯ ಮೇಲಿಟ್ಟು, ಒಲೆಯ ಕಡೆ ತಿರುಗಿ ನಿಂತಳು.

“ನಾಯಿ ಅಲ್ಲ” ಎಂದೆ. “ನಾ.”

ಅವಳು ತಿರುಗಿದಳು. ಮುಖ ನೋಡಲಿಲ್ಲ, ನನ್ನ ಕಾಲು ನೋಡಿದಳು.

“ಯಾವ ಕಾಲು?”

“ಬಲಗಾಲು.”

“ಯಾಕ?”

“ನಿನ್ನ ಚೀಟಿ ಭಾಳ ಚೆಂದ ಇದ್ದವು.”

ಅವಳು ಕೂಗಾಡಬಹುದು ಎಂದುಕೊಂಡಿದ್ದೆ. ಹೋಳಿಗೆಯ ತಟ್ಟೆಯನ್ನೆತ್ತಿ ನನ್ನ ಕೈಗೆ ಕೊಟ್ಟಳು. “ನನಗ ಹೇಳಿದ್ರ ಏನ ಬಂತು? ಅವರ ಮನೀಗೆ ಹೋಗಿ ಹೇಳ್ರಿ. ಅವರಿಗೆ ತಿಳಿಯೋ ಹಂಗ ತೆಲುಗಿನಾಗ ಹೇಳ್ರಿ. ನಾ ಬರಂಗಿಲ್ಲ.”

ಹೊಸಿಲಿನ ಈಚೆಯೇ ನಿಂತು ನಾನು ಹೇಳಿದೆ. ತೆಲುಗು, ಹಿಂದಿ, ಕನ್ನಡ ಮೂರನ್ನೂ ಹೇಗೆ ಬೇಕೋ ಹಾಗೆ ಕಲಸಿ ಹೇಳಿದೆ. ‘ರಂಗೋಲಿ’ಗೆ ‘ಮುಗ್ಗು’ ಎನ್ನಬೇಕೆಂದು ನೆನಪಾಗದೆ ನೆಲದ ಮೇಲೆ ಬೆರಳಿನಿಂದ ಹೂವು ಬರೆದು, ಕಾಲಿನಿಂದ ಒರೆಸಿ ತೋರಿಸಿದೆ. ಅನಸೂಯಮ್ಮನ ಕಣ್ಣು ಅಗಲವಾದವು. “ಮೀರಾ?” ಎಂದರು. ನೀವಾ? “ಎಂದುಕು?”

ಯಾಕೆ ಎನ್ನುವುದಕ್ಕೆ ನನ್ನ ಬಸ್ಸಿನ ತೆಲುಗಿನಲ್ಲಿ ಮಾತಿರಲಿಲ್ಲ. ಎರಡು ಭಾಷೆಗೂ ಸಲ್ಲುವ ಒಂದೇ ಮಾತು ಹೊಳೆಯಿತು. “ಅಸೂಯ, ಅನಸೂಯಮ್ಮಗಾರೂ” ಎಂದೆ.

ಒಳಗಿನಿಂದ ಪದ್ಮ ಫಕ್ಕನೆ ನಕ್ಕದ್ದು ಕೇಳಿಸಿತು. ಅನಸೂಯಮ್ಮ ನಗಲಿಲ್ಲ. ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಸಂಬಂಧ ತಪ್ಪಿದ್ದು ನಿಮ್ಮಿಂದಲೋ, ತಪ್ಪುವುದೇ ಇತ್ತೋ ನನಗೆ ಗೊತ್ತಿಲ್ಲ, ಮಗಳಿಗೆ ಇನ್ನೊಂದು ನೋಡಬಹುದು. ಆದರೆ ಎರಡು ತಿಂಗಳು ನಾನು ಸುಮಿತ್ರಳ ಜೊತೆ ಮಾತಾಡಲಿಲ್ಲವಲ್ಲ, ಆ ಎರಡು ತಿಂಗಳನ್ನು ನನಗೆ ಯಾರು ಕೊಡುತ್ತಾರೆ?

ನಾನು ತಟ್ಟೆ ಹಿಡಿದು ತಲೆತಗ್ಗಿಸಿ ನಿಂತಿದ್ದೆ. ಅವರು ನನ್ನ ಕೈಯಿಂದ ಅದನ್ನು ತೆಗೆದುಕೊಳ್ಳಲೂ ಇಲ್ಲ. ಪಕ್ಕಕ್ಕೆ ಸರಿದು, ಬರಿಗಾಲಿನಲ್ಲೇ ನಮ್ಮ ಮನೆಯ ಕಡೆ ಹೊರಟುಹೋದರು. ಕಡೆಗೆ ಪದ್ಮ ಬಂದು ತಟ್ಟೆ ಇಸಿದುಕೊಂಡಳು.

ಮಾಸ್ತರಿಗೂ ನಾನೇ ಹೇಳಿದೆ. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಮುಂದಿನ ಸಂಕ್ರಾಂತಿಗೆ ಚೀಟಿಗಳನ್ನು ಸುಮಿತ್ರಾ, ಅನಸೂಯಮ್ಮ ಇಬ್ಬರೂ ಸೇರಿ ಬರೆದರು. ಅವತ್ತು ಬೆಳಿಗ್ಗೆ ನನ್ನನ್ನು ಹಾಲಿಗೆ ಕಳಿಸಲಿಲ್ಲ. ಮೂರು ವರ್ಷಗಳ ಮೇಲೆ ಪದ್ಮಳಿಗೆ ವಿಜಯವಾಡದಲ್ಲಿ ಒಳ್ಳೆಯ ಮನೆ ಸಿಕ್ಕಿತು. ಮದುವೆಯಲ್ಲಿ ನಾನು ಎರಡು ದಿನ ಬಡಿಸಲು ನಿಂತೆ, ಯಾರೂ ಹೇಳದಿದ್ದರೂ.

ಆದರೆ ಆ ಯುಗಾದಿಯ ಮಧ್ಯಾಹ್ನವೇ ಇನ್ನೊಂದು ನಡೆಯಿತು. ನಾನು ಮನೆಗೆ ಮರಳಿದಾಗ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲು ಅಳು ಕೇಳಿತು, ಆಮೇಲೆ ಪಿಸುಮಾತು, ಆಮೇಲೆ ಬಹಳ ಹೊತ್ತು ನಗು. ಅನಸೂಯಮ್ಮ ಹೋದ ಮೇಲೆ ಸುಮಿತ್ರಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು.

“ಏನಂದ್ರು?” ಎಂದೆ.

“ಇಂಥಾ ಗಂಡನ ಕೂಡ ಹ್ಯಾಂಗ ಬಾಳೇ ಮಾಡಾಕತ್ತಿ ಅಂತ ಕೇಳಿದ್ರು.”

“ನೀ ಏನಂದಿ?”

“ಅದು ನಮ್ಮಿಬ್ಬರ ಮಾತು” ಎಂದು ಅವಳು ಅನ್ನಕ್ಕೆ ಎಸರಿಡಲು ಹೋದಳು.

ಅದನ್ನು ತಿಳಿಯಬೇಕೆಂದೇ ನಾನು ಆಮೇಲೆ ತೆಲುಗನ್ನು ಚೆನ್ನಾಗಿ ಕಲಿತೆ. ಪ್ರಯೋಜನವಾಗಲಿಲ್ಲ. ಅನಸೂಯಮ್ಮ ಈಗ ಮಗಳ ಹತ್ತಿರ ವಿಜಯವಾಡದಲ್ಲಿದ್ದಾರೆ. ಪ್ರತಿ ಭಾನುವಾರ ಮಧ್ಯಾಹ್ನ ಫೋನು ಬರುತ್ತದೆ. ಸುಮಿತ್ರಾ ಅದನ್ನು ಕಿವಿಗಿಟ್ಟುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ಗಾಜಿನ ಆಚೆಯಿಂದ ನಗು ಮಾತ್ರ ಕೇಳಿಸುತ್ತದೆ.

ಇವತ್ತು ಭಾನುವಾರ. ಬಾಗಿಲು ಮುಚ್ಚಿ ಆಗಲೇ ಮುಕ್ಕಾಲು ಗಂಟೆಯಾಯಿತು.